ಅಸ್ತಮಾದ ಕಾರಣ ಹುಡುಕಲು ಇಲಿಯ ಜೀನ್ ಯಾಕೆ ಬೇಕು?

ಇಲಿಗೆ ಮನುಷ್ಯರ ಹಾಗೆ ತಾನಾಗಿಯೇ ಅಸ್ತಮಾ ಬರುವುದಿಲ್ಲ, ಲ್ಯಾಬ್‌ನಲ್ಲಿ ಬರಿಸಬೇಕು. ಮೊಟ್ಟೆಯ ಬಿಳಿಯಲ್ಲಿರುವ ಓವಾಲ್ಬುಮಿನ್ ಎಂಬ ಪ್ರೋಟೀನ್ ಚುಚ್ಚಿ ಅಲರ್ಜಿ ಹುಟ್ಟಿಸುವುದು ಹಳೆಯ ವಿಧಾನ. ಆಮೇಲೆ ಅದನ್ನೇ ಉಸಿರಿನಲ್ಲಿ ಕೊಡುತ್ತಾರೆ. ಕೊನೆಗೆ ಶ್ವಾಸನಾಳವನ್ನು ಬಿಗಿಸುವ ಮೆಥಾಕೊಲಿನ್ ಎಂಬ ಔಷಧಿ ಕೊಟ್ಟು, ಆ ಶ್ವಾಸನಾಳ ಎಷ್ಟು ಬಿಗಿಯುತ್ತದೆ ಎಂದು ಅಳೆಯುತ್ತಾರೆ.

ಇಷ್ಟು ಕಷ್ಟಪಡುವುದಕ್ಕೆ ಕಾರಣವಿದೆ. ಮನುಷ್ಯರಲ್ಲಿ ಜೀನ್, ಹೊಗೆ, ಧೂಳು, ಸೋಂಕು ಎಲ್ಲಾ ಕಲಸಿಕೊಂಡಿರುತ್ತವೆ. ಲ್ಯಾಬ್‌ನ ಇಲಿ ತಳಿಗಳಲ್ಲಿ ಒಡಹುಟ್ಟಿದವನ್ನೇ 20ಕ್ಕೂ ಹೆಚ್ಚು ತಲೆಮಾರು ಕೂಡಿಸಿರುತ್ತಾರೆ. ಹಾಗಾಗಿ ಒಂದು ತಳಿಯ ಇಲಿಗಳ ಜೀನ್‌ಗಳು ಹೆಚ್ಚುಕಡಿಮೆ ಒಂದೇ. ಎರಡು ತಳಿಗಳನ್ನು ಒಂದೇ ರೀತಿ ಸಾಕಿದರೂ ಉಸಿರಾಟದಲ್ಲಿ ವ್ಯತ್ಯಾಸ ಕಂಡರೆ, ಅದರ ಮೂಲ ಜೀನ್‌ನಲ್ಲಿರಬೇಕು, ಅಲ್ವಾ?

ಎ-ಜೆ ತಳಿಯ ಶ್ವಾಸನಾಳ ಬೇಗ ಬಿಗಿಯುತ್ತದೆ, ಸಿ3ಎಚ್ ತಳಿಯದ್ದು ಅಷ್ಟು ಬಿಗಿಯುವುದಿಲ್ಲ. ಇವೆರಡನ್ನು ಕೂಡಿಸಿ, ಮುಂದಿನ ಪೀಳಿಗೆಗಳಲ್ಲಿ ಹುಡುಕಿದಾಗ 2000ರಲ್ಲಿ ಸಿ5 ಎಂಬ ಜೀನ್ ಸಿಕ್ಕಿತು. ಎ-ಜೆ ಇಲಿಯಲ್ಲಿ ಅದು ಕೆಟ್ಟಿದೆ. ಈ ಜೀನ್‌ನಿಂದ ತಯಾರಾಗುವ ಸಿ5 ಪ್ರೋಟೀನ್ ಉರಿಯೂತ ಹೆಚ್ಚಿಸುವುದಕ್ಕೇ ಹೆಸರಾದದ್ದು. ಇಲ್ಲಿ ನೋಡಿದರೆ ಅದಿಲ್ಲದ ಇಲಿಗೇ ತೊಂದರೆ ಜಾಸ್ತಿ!

ಇನ್ನೊಂದು ದಾರಿ ನಾಕ್‌ಔಟ್, ಅಂದರೆ ಒಂದೇ ಒಂದು ಜೀನ್ ತೆಗೆದು ಏನಾಗುತ್ತದೆ ಎಂದು ನೋಡುವುದು. ನನಗೆ ತುಂಬಾ ಮುಖ್ಯ ಅನ್ನಿಸುವುದು ಇಂಟರ್‌ಲ್ಯುಕಿನ್-5 ಎಂಬ ಪ್ರೋಟೀನ್‌ನ ಕಥೆ. ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳು ಬೆಳೆಯಲು ಇದು ಬೇಕು. 1996ರಲ್ಲಿ ಸಿ57 ಬ್ಲ್ಯಾಕ್ 6 ತಳಿಯಲ್ಲಿ ಇದರ ಜೀನ್ ತೆಗೆದಾಗ ಶ್ವಾಸಕೋಶದ ಇಯೊಸಿನೊಫಿಲ್‌ಗಳೂ ಹೋದವು, ಶ್ವಾಸನಾಳದ ಅತಿಯಾದ ಬಿಗಿತವೂ ಹೋಯಿತು. ಅದೇ ವರ್ಷ ಬ್ಯಾಲ್ಬ್-ಸಿ ತಳಿಯಲ್ಲಿ ಇಂಟರ್‌ಲ್ಯುಕಿನ್-5 ಅನ್ನು ಆ್ಯಂಟಿಬಾಡಿಯಿಂದ ತಡೆದು ನೋಡಿದರು. ಇಯೊಸಿನೊಫಿಲ್ ಕಡಿಮೆಯಾದವು, ಬಿಗಿತ ಮಾತ್ರ ಉಳಿಯಿತು.

ಯಾವ ಪ್ರಯೋಗ ತಪ್ಪು ಎಂದು ಕೇಳಬೇಡಿ. ವಿಧಾನ ಬೇರೆಯಿತ್ತು ನಿಜ, ಆದರೆ ತಳಿಯೂ ಬೇರೆ. ಉಳಿದ ಜೀನ್‌ಗಳು ಬೇರೆಯಾದರೆ ಬಿಗಿತಕ್ಕೆ ಬೇರೆ ದಾರಿ ಇರಬಹುದು. ಪೇಪರ್ ಓದುವಾಗ ನಾನು ಮೊದಲು ತಳಿಯ ಹೆಸರು ಹುಡುಕುವುದು ಇದಕ್ಕೇ.

ಮನುಷ್ಯರಲ್ಲೂ ಇದೇ ರೀತಿ ಆಯಿತು. ಇಂಟರ್‌ಲ್ಯುಕಿನ್-5 ತಡೆಯುವ ಮೆಪೊಲಿಜುಮ್ಯಾಬ್ ಔಷಧಿಯ 2000ದ ಪರೀಕ್ಷೆಯಲ್ಲಿ ಇಯೊಸಿನೊಫಿಲ್ ಇಳಿದವು, ಬಿಗಿತ ಇಳಿಯಲಿಲ್ಲ. 2009ರಲ್ಲಿ ಇಯೊಸಿನೊಫಿಲ್ ಜಾಸ್ತಿ ಇರುವ, ಪದೇ ಪದೇ ಉಲ್ಬಣವಾಗುವ ಅಸ್ತಮಾ ಇದ್ದವರನ್ನೇ ಆರಿಸಿ ಕೊಟ್ಟಾಗ ಉಲ್ಬಣಗಳು ಕಡಿಮೆಯಾದವು. 2015ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದೂ ಇಯೊಸಿನೊಫಿಲ್ ಹೆಚ್ಚಿರುವ ತೀವ್ರ ಅಸ್ತಮಾಕ್ಕೆ ಮಾತ್ರ.