ಮೇ ತಿಂಗಳ ಮೊಟ್ಟೆಯ ಚಿಪ್ಪೇಕೆ ತೆಳ್ಳಗೆ?

ಏಪ್ರಿಲ್ ಕಳೆಯುತ್ತಿದ್ದಂತೆ ಉಡುಪಿಯ ಆಸುಪಾಸಿನಲ್ಲಿ ಮೊಟ್ಟೆಗಾಗಿ ಕೋಳಿ ಸಾಕುವವರಿಂದ ಒಂದು ದೂರು ಕೇಳಿಬರುತ್ತದೆ: ಮೊಟ್ಟೆಯನ್ನು ಕೈಗೆತ್ತಿಕೊಂಡರೆ ಸಾಕು, ಬಿರಿಯುತ್ತದೆ. ಕೆಲವರು ದೃಷ್ಟಿ ತಾಗಿತೆಂದು ಗೂಡಿನ ಬಾಗಿಲಿಗೆ ನಿಂಬೆಹಣ್ಣು ಕಟ್ಟುತ್ತಾರೆ. ಇನ್ನು ಕೆಲವರು ಸುಣ್ಣದ ಅಂಶ ಸಾಲದೆಂದು ಕ್ಯಾಲ್ಸಿಯಂ ಟಾನಿಕ್ ತರುತ್ತಾರೆ. ಮೊದಲನೆಯದು ಬರಿಯ ಮೂಢನಂಬಿಕೆ, ಎರಡನೆಯದು ಅರ್ಧ ಸತ್ಯ. ಸೆಕೆಗಾಲದಲ್ಲಿ ಚಿಪ್ಪು ತೆಳುವಾಗುವುದಕ್ಕೆ ಕೋಳಿಯ ಉಸಿರೇ ದೊಡ್ಡ ಕಾರಣ.

ಕೋಳಿಗೆ ಬೆವರಿನ ಗ್ರಂಥಿಗಳಿಲ್ಲ. ಸುಮಾರು 41 ಡಿಗ್ರಿ ಸೆಲ್ಸಿಯಸ್‌ನಷ್ಟಿರುವ ಮೈಯ ಉಷ್ಣತೆ ಮತ್ತಷ್ಟು ಏರದಂತೆ ಅದು ಕೊಕ್ಕು ತೆರೆದು ಏದುಸಿರು ಬಿಡುತ್ತ, ಬಾಯಿ ಮತ್ತು ಶ್ವಾಸನಾಳದ ತೇವವನ್ನು ಆವಿಯಾಗಿಸಿ ಕಾವು ಕಳೆಯುತ್ತದೆ. ಕರಾವಳಿಯ ಗಾಳಿಯಲ್ಲಿ ತೇವ ಮೊದಲೇ ತುಂಬಿರುವುದರಿಂದ ಈ ಉಪಾಯ ಇಲ್ಲಿ ಅಷ್ಟಾಗಿ ಫಲಿಸದು. ಕೋಳಿ ಇನ್ನೂ ಹೆಚ್ಚು ಏದುತ್ತದೆ. ಗೋಲಿ ಒತ್ತಿ ಹಾಗೆಯೇ ಬಿಟ್ಟ ಸೋಡಾದಂತೆ ಅದರ ರಕ್ತ ಇಂಗಾಲದ ಡೈಆಕ್ಸೈಡನ್ನು ಕಳೆದುಕೊಂಡು ಕ್ಷಾರೀಯವಾಗುತ್ತದೆ. ಅದನ್ನು ಸರಿದೂಗಿಸಲು ಮೂತ್ರಪಿಂಡಗಳು ಬೈಕಾರ್ಬೊನೇಟನ್ನು, ಎಂದರೆ ರಕ್ತದಲ್ಲಿ ಕರಗಿದ ಅದೇ ಅನಿಲದಿಂದ ಉಂಟಾಗುವ, ಚಿಪ್ಪು ಕಟ್ಟಲು ಬೇಕಾದ ಕ್ಷಾರಾಂಶವನ್ನು, ಹೊರಹಾಕುತ್ತವೆ. ರಕ್ತದಲ್ಲಿರುವ ಕ್ಯಾಲ್ಸಿಯಂ ಕೂಡ ಪ್ರೋಟೀನುಗಳಿಗೆ ಅಂಟಿಕೊಂಡು ಬಳಕೆಗೆ ಸಿಗದಾಗುತ್ತದೆ.

ಚಿಪ್ಪಿನ ಸುಮಾರು ಶೇಕಡಾ 95 ಭಾಗ ಕ್ಯಾಲ್ಸಿಯಂ ಕಾರ್ಬೊನೇಟ್. ನಮ್ಮ ಹಿರಿಯರು ಕಪ್ಪೆಚಿಪ್ಪು ಸುಟ್ಟು ಮಾಡುತ್ತಿದ್ದ ಸುಣ್ಣವನ್ನು ನೆನೆಯಿರಿ: ಸುಡುವಾಗ ಚಿಪ್ಪಿನಿಂದ ಹಾರಿಹೋದ ಇಂಗಾಲದ ಡೈಆಕ್ಸೈಡನ್ನು, ಗೋಡೆಗೆ ಮೆತ್ತಿದ ಗಾರೆ ಗಾಳಿಯಿಂದ ಮರಳಿ ಹೀರಿಕೊಂಡೇ ಗಟ್ಟಿಯಾಗುತ್ತಿತ್ತು. ಕೋಳಿಯ ಹೊಟ್ಟೆಯೊಳಗೆ ಸುಮಾರು 20 ಗಂಟೆಗಳ ಕಾಲ ನಡೆಯುವುದೂ ಇಂಥದೇ ಗಾರೆಕೆಲಸ. ಸುಣ್ಣ ಎಷ್ಟೇ ಇದ್ದರೂ ಅನಿಲವಿಲ್ಲದೆ ಅದು ಮುಗಿಯದು. 1980ರ ದಶಕದಲ್ಲಿ ಅಮೆರಿಕದ ಸಂಶೋಧಕರು ಬಿಸಿಯಲ್ಲಿಟ್ಟ ಕೋಳಿಗಳಿಗೆ ಸೋಡಾ ನೀರನ್ನೇ ಕುಡಿಸಿ ಚಿಪ್ಪು ಸುಧಾರಿಸುವುದನ್ನು ಕಂಡರೆಂಬುದು ನನಗೆ ಇಂದಿಗೂ ಸಂತೋಷ ಕೊಡುವ ಸಂಗತಿ.

ನಾವು ಅಷ್ಟು ದೂರ ಹೋಗಬೇಕಿಲ್ಲ. ಆಹಾರದ ಉಪ್ಪಿನಲ್ಲಿ ಒಂದು ಪಾಲನ್ನು ತೆಗೆದು ಆ ಜಾಗಕ್ಕೆ ಅಡುಗೆ ಸೋಡಾ ಬೆರೆಸಿದರೆ ಕಳೆದುಹೋದ ಬೈಕಾರ್ಬೊನೇಟ್ ಮರಳಿ ದೊರೆಯುತ್ತದೆ. ಮನುಷ್ಯನಿಗಿಲ್ಲದ ಸಾಮರ್ಥ್ಯವೊಂದು ಕೋಳಿಗಿದೆ: ವಿಟಮಿನ್ ಸಿಯನ್ನು ಅದು ತನ್ನ ಮೂತ್ರಪಿಂಡದಲ್ಲೇ ತಯಾರಿಸಿಕೊಳ್ಳುತ್ತದೆ. ಕಡು ಸೆಕೆಯಲ್ಲಿ ಆ ಉತ್ಪತ್ತಿ ಸಾಲದಾಗುವುದರಿಂದ ಒಂದು ಕಿಲೋ ಆಹಾರಕ್ಕೆ 200ರಿಂದ 250 ಮಿಲಿಗ್ರಾಂ ಸೇರಿಸುವುದುಂಟು. ಜೀರ್ಣವಾಗುವಾಗ ಪ್ರೋಟೀನ್ ಹೆಚ್ಚು ಕಾವನ್ನೂ ಕೊಬ್ಬು ಕಡಿಮೆ ಕಾವನ್ನೂ ಹುಟ್ಟಿಸುತ್ತವೆ. ಆದುದರಿಂದ ಅಗತ್ಯ ಮೀರಿದ ಪ್ರೋಟೀನನ್ನು ತಗ್ಗಿಸಿ, ಶಕ್ತಿಯ ಒಂದಂಶವನ್ನು ಎಣ್ಣೆಯಿಂದ ಒದಗಿಸುವುದು ಲೇಸು. ತಿಂದ ಕೆಲವು ಗಂಟೆಗಳ ನಂತರವೇ ಈ ಕಾವು ಉತ್ತುಂಗಕ್ಕೇರುವುದರಿಂದ, ಹೊತ್ತು ಏರಿದ ಮೇಲೆ ಹಾಕಿದ ಆಹಾರ ಸುಡುಮಧ್ಯಾಹ್ನಕ್ಕೆ ಇನ್ನಷ್ಟು ಬಿಸಿ ಕೂಡಿಸುತ್ತದೆ. ನಸುಕಿನಲ್ಲೂ ಸಂಜೆಯ ತಂಪಿನಲ್ಲೂ ಕೊಡಬೇಕು, ನಡುವೆ ತಣ್ಣನೆಯ ನೀರು ತಪ್ಪಬಾರದು.

ಸುಣ್ಣಕ್ಕೂ ಹೊತ್ತಿದೆ. ಚಿಪ್ಪು ಬಹುಪಾಲು ಕಟ್ಟುವುದು ಕೋಳಿ ಏನೂ ತಿನ್ನದ ರಾತ್ರಿಯಲ್ಲಿ. ಸಂಜೆ ತಿನ್ನಿಸಿದ ಕಪ್ಪೆಚಿಪ್ಪಿನ ಪುಡಿ ನುಣ್ಣಗಿದ್ದರೆ ಬೇಗನೆ ಕರಗಿಹೋಗುತ್ತದೆ. ಜೋಳದ ನುಚ್ಚಿನಷ್ಟು ದಪ್ಪ ಚೂರುಗಳಾದರೆ ಅರೆಯುವ ಹೊಟ್ಟೆಯಲ್ಲಿ ಉಳಿದು ಬೆಳಗಿನ ಜಾವದವರೆಗೂ ನಿಧಾನವಾಗಿ ಕ್ಯಾಲ್ಸಿಯಂ ಒದಗಿಸುತ್ತವೆ.