ನೆರಳಿಗೆ ಆಸಿಡ್, ಬೆಳಕಿಗೆ ಬರೀ ಕಾಗದ

ಅಮೆರಿಕದ ಕಲಾವಿದ ಎಡ್ವರ್ಡ್ ಹಾಪರ್‌ನ ‘ನೈಟ್ ಶ್ಯಾಡೋಸ್’ 1921ರ ಎಚಿಂಗ್, ಅಂದರೆ ಲೋಹದ ಪ್ಲೇಟಿನ ಮೇಲೆ ಆಸಿಡ್‌ನಿಂದ ಗೆರೆ ಕೊರೆದು ಕಾಗದಕ್ಕೆ ಅಚ್ಚೊತ್ತಿದ ಚಿತ್ರ. ಅಗಲ ಸುಮಾರು 21 ಸೆಂ.ಮೀ., ಎತ್ತರ ಇನ್ನೂ ಕಡಿಮೆ. ರಾತ್ರಿ ಹೊತ್ತು, ಮಹಡಿಯಿಂದ ಬಗ್ಗಿ ನೋಡಿದಂತೆ ಕಾಣುವ ಖಾಲಿ ರಸ್ತೆ. ಒಬ್ಬನೇ ಒಬ್ಬ ನಡೆದು ಹೋಗುತ್ತಿದ್ದಾನೆ. ದೀಪದ ಕಂಬ ಕಾಣುವುದಿಲ್ಲ, ಅದರ ಉದ್ದ ನೆರಳು ಮಾತ್ರ ರಸ್ತೆಗೆ ಅಡ್ಡ ಬಿದ್ದಿದೆ.

ಎಚಿಂಗ್ ಕಲಿಯಲು ಬರುವವರಿಗೆ ಇದನ್ನು ತೋರಿಸಿದರೆ, ‘ಇಷ್ಟು ಬೆಳಕು ಹೇಗೆ ತಂದ?’ ಅಂತ ಕೇಳುತ್ತಾರೆ. ತಂದೇ ಇಲ್ಲ. ಅಲ್ಲಿರುವುದು ಸುಮ್ನೆ ಬಿಟ್ಟ ಕಾಗದ. ದುಡಿಮೆಯೆಲ್ಲ ಕತ್ತಲಿನದು.

ತಾಮ್ರದ ಪ್ಲೇಟಿಗೆ ಗ್ರೌಂಡ್, ಅಂದರೆ ಆಸಿಡ್ ತಡೆಯುವ ಮೇಣದ ಪದರ, ಹಚ್ಚಿ, ಸೂಜಿಯಲ್ಲಿ ಗೀಚಿ, ಆಸಿಡ್‌ಗೆ ಇಳಿಸುತ್ತೇವೆ. ಗೀಚಿದ ಕಡೆ ಮಾತ್ರ ಆಸಿಡ್ ತಾಮ್ರವನ್ನು ತಿನ್ನುತ್ತದೆ. ಆಮೇಲೆ ಆ ಗೆರೆಗಳಿಗೆ ಶಾಯಿ ತುಂಬಿ, ಮೇಲಿನದನ್ನು ಒರೆಸಿ, ಪ್ರೆಸ್ಸಿನಲ್ಲಿ ಕಾಗದಕ್ಕೆ ಒತ್ತುತ್ತೇವೆ. ಆಸಿಡ್‌ನಲ್ಲಿ ಜಾಸ್ತಿ ಹೊತ್ತು ಬಿಟ್ಟಷ್ಟೂ ಗೆರೆ ಆಳ, ಶಾಯಿಯೂ ಜಾಸ್ತಿ. ತಿಳಿಯಾಗಿ ಉಳಿಯಬೇಕಾದ ಗೆರೆಗಳನ್ನು ವಾರ್ನಿಶ್‌ನಿಂದ ಮುಚ್ಚಿ, ಪ್ಲೇಟನ್ನು ಮತ್ತೆ ಇಳಿಸಬೇಕು. ಇಲ್ಲೇ ಆಸೆ ಕೈ ಕೊಡುವುದು. ಇನ್ನೂ ಕಪ್ಪಾಗಲಿ ಅಂತ ಗೆರೆಗಳನ್ನು ತೀರಾ ಒತ್ತೊತ್ತಾಗಿ ಹಾಕಿದರೆ ನಡುವಿನ ತಾಮ್ರವೂ ಕರಗಿ, ಶಾಯಿ ನಿಲ್ಲಲು ಜಾಗವೇ ಇರುವುದಿಲ್ಲ. ಕಪ್ಪು ಬೇಕಾದಲ್ಲಿ ಬೂದು ಮಚ್ಚೆ! ಹಾಪರ್‌ನ ಕತ್ತಲನ್ನು ಲೆನ್ಸ್ ಹಿಡಿದು ನೋಡಿ. ಒಂದರ ಮೇಲೊಂದು ಅಡ್ಡ ಹಾಯ್ದ ಗೆರೆಗಳ ನಡುವೆ ಸಣ್ಣ ಸಣ್ಣ ಬಿಳಿ ಕಿಂಡಿಗಳಿವೆ. ಅದಕ್ಕೇ ಆ ಕತ್ತಲು ಜಡವಾಗಿಲ್ಲ. ಅವನು ತುಂಬಾ ಬಿಳಿ ಕಾಗದ, ತುಂಬಾ ಕಪ್ಪು ಶಾಯಿಯನ್ನೇ ಹುಡುಕಿ ತರಿಸಿಕೊಳ್ಳುತ್ತಿದ್ದ, ನಡುವಿನ ಬಣ್ಣಗಳ ಗೊಡವೆಯೇ ಬೇಡ ಎಂಬಂತೆ.

ಹಾಪರ್‌ಗೆ ಎಚಿಂಗ್ ಹೇಳಿಕೊಟ್ಟ ಮಾರ್ಟಿನ್ ಲೂಯಿಸ್ ಹಿಡಿದದ್ದು ಬೇರೆ ದಾರಿ. ಆಸ್ಟ್ರೇಲಿಯಾದಲ್ಲಿ ಹುಟ್ಟಿ ನ್ಯೂಯಾರ್ಕ್‌ಗೆ ಬಂದವನು. ಅವನಿಗೆ ಡ್ರೈಪಾಯಿಂಟ್ ಇಷ್ಟ. ಅದರಲ್ಲಿ ಆಸಿಡ್ ಇಲ್ಲ, ಸೂಜಿ ನೇರವಾಗಿ ತಾಮ್ರವನ್ನು ಕೊರೆಯುತ್ತದೆ. ಗೆರೆಯ ಅಂಚಿನಲ್ಲಿ ಏಳುವ ತಾಮ್ರದ ಸಿಬಿರು ಶಾಯಿ ಹಿಡಿದು, ಮಖಮಲ್ಲಿನಂಥ ಕಪ್ಪು ಕೊಡುತ್ತದೆ. 1930ರ ‘ಶ್ಯಾಡೋ ಡಾನ್ಸ್’ನಲ್ಲಿ ಸೂರ್ಯ ಎದುರಿಗಿದ್ದಾನೆ. ನಡೆಯುವ ಹೆಂಗಸರ ತೆಳು ಲಂಗಗಳೊಳಗಿಂದ ಬೆಳಕು ಹಾಯುತ್ತದೆ, ಅವರ ನೆರಳು ಫುಟ್‌ಪಾತ್ ಮೇಲೆ ನಮ್ಮ ಕಡೆಗೇ ಚಾಚುತ್ತದೆ. ಬೂದು ಬಣ್ಣದಲ್ಲೇ ತಿಳಿಯಿಂದ ಗಾಢಕ್ಕೆ ಎಷ್ಟೊಂದು ಮೆಟ್ಟಿಲು! ಕೈಚಳಕದಲ್ಲಿ ಲೂಯಿಸ್ ಗುರುವೇ, ಅನುಮಾನವಿಲ್ಲ. ಆದರೂ ನಗರದ ರಾತ್ರಿಗೆ ನನ್ನ ಓಟು ಶಿಷ್ಯನಿಗೆ. ಒಂಟಿ ಕರೆಂಟು ದೀಪದ ಕೆಳಗೆ ಮೆಟ್ಟಿಲು ಎಲ್ಲಿರುತ್ತದೆ? ಬಿಳಿ, ಕಪ್ಪು ಎರಡೇ ಅಲ್ವಾ.

ಡ್ರೈಪಾಯಿಂಟ್‌ನ ಸಿಬಿರು ಪ್ರೆಸ್ಸಿನ ಒತ್ತಡಕ್ಕೆ ಬೇಗ ಸವೆಯುತ್ತದೆ. ಆಸಿಡ್ ತಿಂದ ಗೆರೆ ಹೆಚ್ಚು ತಾಳುತ್ತದೆ. ‘ನೈಟ್ ಶ್ಯಾಡೋಸ್’ 1924ರಲ್ಲಿ ‘ನ್ಯೂ ರಿಪಬ್ಲಿಕ್’ ಪತ್ರಿಕೆಗಾಗಿ ನೂರಾರು ಪ್ರತಿ ಅಚ್ಚಾಯಿತು. ಹಾಗಾಗಿ ಅಮೆರಿಕದ ಹಲವು ಮ್ಯೂಸಿಯಂಗಳಲ್ಲಿದೆ. ನೋಡಲು ಸಿಕ್ಕರೆ ಎದುರಿಗೆ ನಿಂತು ನೋಡಿದ ಮೇಲೆ ಒಮ್ಮೆ ಓರೆಯಾಗಿಯೂ ನೋಡಿ. ಆಳದ ಗೆರೆಗಳ ಶಾಯಿ ಕಾಗದದ ಮೇಲೆ ತುಸು ಉಬ್ಬಿರುತ್ತದೆ. ಫೋನಿನ ಪರದೆಯಲ್ಲಿ ಅದು ಸಿಗುವುದಿಲ್ಲ.