ಡೇಟಾ ವೇರ್‌ಹೌಸಿಂಗ್ ಕಲಿಕೆ: ಇನ್ಮನ್ ಮೊದಲೋ, ಕಿಂಬಾಲ್ ಮೊದಲೋ?

ಪ್ರಶ್ನೆ: ಡೇಟಾಬೇಸ್ ಮತ್ತು ಎಸ್‌ಕ್ಯೂಎಲ್ ನನಗೆ ಸಾಕಷ್ಟು ಪರಿಚಿತ. ಆದರೆ ಡೇಟಾ ವೇರ್‌ಹೌಸಿಂಗ್ (ವಿಶ್ಲೇಷಣೆಗಾಗಿ ದತ್ತಾಂಶದ ಪ್ರತ್ಯೇಕ ಭಂಡಾರ ಕಟ್ಟುವುದನ್ನು) ಕಲಿಯಲು ಹೊರಟಾಗ ಒಬ್ಬ ತಜ್ಞರು ನಾರ್ಮಲೈಸ್ ಮಾಡಲೇಬೇಕು, ಅಂದರೆ ಒಂದು ಸಂಗತಿ ಒಂದೇ ಕಡೆ ಇರುವಂತೆ ಟೇಬಲ್‌ಗಳನ್ನು ಒಡೆಯಲೇಬೇಕು ಎನ್ನುತ್ತಾರೆ, ಮತ್ತೊಬ್ಬರು ಬೇಡ ಎನ್ನುತ್ತಾರೆ. ಡೇಟಾ ಮಾರ್ಟ್ ಎಂಬ ಒಂದೇ ಪದಕ್ಕೆ ಪುಸ್ತಕಕ್ಕೊಂದು ಅರ್ಥ ಸಿಗುತ್ತದೆ. ಯಾರನ್ನು ನಂಬಿ, ಎಲ್ಲಿಂದ ಆರಂಭಿಸಲಿ?

ಉತ್ತರ: ಈ ಕ್ಷೇತ್ರದ ಎರಡು ಮುಖ್ಯ ವಿನ್ಯಾಸ ಪದ್ಧತಿಗಳು ರಾಲ್ಫ್ ಕಿಂಬಾಲ್ ಮತ್ತು ಬಿಲ್ ಇನ್ಮನ್ ಎಂಬ ಇಬ್ಬರು ಲೇಖಕರವು. ಕಿಂಬಾಲ್ ಅವರ ಡೈಮೆನ್ಷನಲ್ ಮಾಡೆಲಿಂಗ್‌ನಿಂದ (ಅಳತೆಗಳನ್ನೂ ಅವುಗಳ ಸಂದರ್ಭದ ವಿವರಗಳನ್ನೂ ಬೇರೆ ಬೇರೆ ಟೇಬಲ್‌ಗಳಲ್ಲಿಡುವ ವಿನ್ಯಾಸದಿಂದ) ಆರಂಭಿಸಿ, ಇನ್ಮನ್ ಅವರನ್ನು ಅದರ ನಂತರ ಓದಿ. ಇದು ಇನ್ಮನ್ ಅವರನ್ನು ಕೆಳಗಿಡುವ ಮಾತಲ್ಲ. ಕಲಿಯುವವರಿಗೆ ಸಮಸ್ಯೆಗಳು ಎದುರಾಗುವ ಕ್ರಮವೇ ಹಾಗಿದೆ.

ಮೊದಲು ವೇರ್‌ಹೌಸ್ ಏಕೆ ಬೇಕಾಯಿತು ಎಂಬುದನ್ನು ಗಮನಿಸೋಣ. ದೈನಂದಿನ ವ್ಯವಹಾರಗಳನ್ನು ದಾಖಲಿಸುವ ಡೇಟಾಬೇಸಿಗೆ ಈ ಕ್ಷಣದ ಸ್ಥಿತಿ ಮುಖ್ಯ. ಹೊಸ ವಿಳಾಸ ಬರೆದ ಕೂಡಲೇ ಹಳೆಯದು ಅಳಿದುಹೋಗುತ್ತದೆ. ವಿಶ್ಲೇಷಣೆ ಮಾಡುವವರು ಕೇಳುವುದು ಹಿಂದಿನ ಸ್ಥಿತಿಯನ್ನು, ಅದೂ ಹಲವು ವ್ಯವಸ್ಥೆಗಳಲ್ಲಿ ಚದುರಿದ ಮಾಹಿತಿಯನ್ನು ಒಟ್ಟುಗೂಡಿಸಿ. 1988ರಲ್ಲಿ ಐಬಿಎಂನ ಬ್ಯಾರಿ ಡೆವ್ಲಿನ್ ಮತ್ತು ಪಾಲ್ ಮರ್ಫಿ ತಮ್ಮ ಲೇಖನದಲ್ಲಿ ‘ಬಿಸಿನೆಸ್ ಡೇಟಾ ವೇರ್‌ಹೌಸ್’ ಎಂಬ ಹೆಸರಿನಡಿ ವಿವರಿಸಿದ್ದು ಇಂಥದೊಂದು ಪ್ರತ್ಯೇಕ ಭಂಡಾರವನ್ನೇ.

ಇನ್ಮನ್ 1990ರ ದಶಕದ ಆರಂಭದಲ್ಲಿ ಕೊಟ್ಟ ವ್ಯಾಖ್ಯೆ ಇಂದಿಗೂ ಬಳಕೆಯಲ್ಲಿದೆ: ವೇರ್‌ಹೌಸಿನ ದತ್ತಾಂಶ ವಿಷಯಾಧಾರಿತವಾಗಿರಬೇಕು, ಏಕೀಕೃತವಾಗಿರಬೇಕು, ಕಾಲಸಹಿತವಾಗಿರಬೇಕು, ಒಮ್ಮೆ ಸೇರಿದ ಮೇಲೆ ಅಳಿಯಬಾರದು. ಅವರ ವಿನ್ಯಾಸದಲ್ಲಿ ಇಡೀ ಸಂಸ್ಥೆಯ ದತ್ತಾಂಶವು ಮೊದಲು ಒಂದು ಕೇಂದ್ರ ಭಂಡಾರದಲ್ಲಿ, ಥರ್ಡ್ ನಾರ್ಮಲ್ ಫಾರ್ಮ್‌ಗೆ (ನಾರ್ಮಲೈಸ್ ಮಾಡಿದ ಒಂದು ರೂಪಕ್ಕೆ) ಹತ್ತಿರವಾದ ರೂಪದಲ್ಲಿ ಒಂದಾಗುತ್ತದೆ. ಪ್ರತಿ ವಿಭಾಗಕ್ಕೆ ಬೇಕಾದ ಡೇಟಾ ಮಾರ್ಟ್, ಅಂದರೆ ಆ ವಿಭಾಗದ ಚಿಕ್ಕ ಸಂಗ್ರಹ, ಆ ಭಂಡಾರದಿಂದ ಹರಿದುಬರುತ್ತದೆ. 1996ರಲ್ಲಿ ಪುಸ್ತಕ ಪ್ರಕಟಿಸಿದ ಕಿಂಬಾಲ್ ಒಂದೊಂದೇ ವ್ಯವಹಾರ ಪ್ರಕ್ರಿಯೆಯನ್ನು ಕೈಗೆತ್ತಿಕೊಂಡು, ನಡುವೆ ಅಳತೆಗಳ ಫ್ಯಾಕ್ಟ್ ಟೇಬಲ್, ಸುತ್ತ ವಿವರಗಳ ಡೈಮೆನ್ಷನ್ ಟೇಬಲ್‌ಗಳಿರುವ ಸ್ಟಾರ್ ಸ್ಕೀಮಾ ಕಟ್ಟಬೇಕೆಂದರು. ಎಲ್ಲ ಸ್ಕೀಮಾಗಳೂ ದಿನಾಂಕ, ಗ್ರಾಹಕ ಮುಂತಾದ ಸಮಾನ ಡೈಮೆನ್ಷನ್‌ಗಳನ್ನು, ಅಂದರೆ ಕನ್‌ಫಾರ್ಮ್ಡ್ ಡೈಮೆನ್ಷನ್‌ಗಳನ್ನು ಹಂಚಿಕೊಂಡರೆ ಅವುಗಳ ಒಟ್ಟು ಮೊತ್ತವೇ ವೇರ್‌ಹೌಸ್ ಎಂಬುದು ಅವರ ವಾದ. ಹೀಗಾಗಿ ಡೇಟಾ ಮಾರ್ಟ್ ಎಂಬುದು ಇನ್ಮನ್ ಅವರಲ್ಲಿ ವೇರ್‌ಹೌಸಿನಿಂದ ಹುಟ್ಟುವ ವಸ್ತು, ಕಿಂಬಾಲ್ ಅವರಲ್ಲಿ ವೇರ್‌ಹೌಸನ್ನು ಕಟ್ಟುವ ಇಟ್ಟಿಗೆ. ನಿಮ್ಮನ್ನು ಕಾಡಿದ ಅರ್ಥಭೇದದ ಮೂಲ ಇಲ್ಲಿದೆ.

ನಾರ್ಮಲೈಸೇಷನ್ ಕುರಿತ ಜಗಳ ಹೊರಗೆ ಕಾಣುವಷ್ಟು ದೊಡ್ಡದಲ್ಲ. ಎಡ್ಗರ್ ಕಾಡ್ 1970ರಲ್ಲಿ ರಿಲೇಷನಲ್ ಮಾದರಿಯನ್ನು ಮುಂದಿಟ್ಟ ಮೇಲೆ ಬೆಳೆದ ಈ ಶಿಸ್ತಿನ ಉದ್ದೇಶ, ಒಂದು ಸಂಗತಿ ಒಂದೇ ಕಡೆ ಇದ್ದು, ತಿದ್ದುವಾಗ ವಿರೋಧಾಭಾಸ ಉಂಟಾಗದಿರಲಿ ಎಂಬುದು. ವೇರ್‌ಹೌಸಿನಲ್ಲಿ ದತ್ತಾಂಶವನ್ನು ಬಳಕೆದಾರರು ನೇರವಾಗಿ ತಿದ್ದುವುದಿಲ್ಲ; ನಿಯಂತ್ರಿತ ಪ್ರಕ್ರಿಯೆಯೊಂದು ತುಂಬಿಸುತ್ತದೆ. ಆದ್ದರಿಂದ ಡೈಮೆನ್ಷನ್ ಟೇಬಲಿನಲ್ಲಿ ಪುನರಾವರ್ತನೆ ಇದ್ದರೂ ಅಪಾಯ ಕಡಿಮೆ, ಓದುವವರಿಗೆ ಟೇಬಲ್‌ಗಳನ್ನು ಜೋಡಿಸುವ ಜಾಯಿನ್‌ಗಳ ಹೊರೆಯೂ ಕಡಿಮೆ. ವಿಭಾಗಗಳ ಮಾರ್ಟ್‌ಗಳಿಗೆ ಸ್ಟಾರ್ ಸ್ಕೀಮಾ ತಕ್ಕುದೆಂಬುದನ್ನು ಇನ್ಮನ್ ಕೂಡ ಒಪ್ಪುತ್ತಾರೆ. ನನ್ನ ದೃಷ್ಟಿಯಲ್ಲಿ ನಿಜವಾದ ಭಿನ್ನಾಭಿಪ್ರಾಯ ಇರುವುದು ಏಕೀಕರಣದ ಕೆಲಸವನ್ನು ಯಾವ ಹಂತದಲ್ಲಿ ಮಾಡಬೇಕು ಮತ್ತು ಏಕೀಕೃತ ವಿವರಗಳನ್ನು ಯಾವ ರೂಪದಲ್ಲಿ ಕಾಪಾಡಬೇಕು ಎಂಬುದರಲ್ಲಿ ಮಾತ್ರ.

ಈಗ ಅಭ್ಯಾಸಕ್ಕೆ ಬರೋಣ. ಹಲವು ಶಾಖೆಗಳಿರುವ ಒಂದು ಗ್ರಂಥಾಲಯವನ್ನು ಕಲ್ಪಿಸಿಕೊಳ್ಳಿ. ಮೊದಲು ಮಾಡಬೇಕಾದದ್ದು ಗ್ರೇನ್ ನಿಶ್ಚಯ: ಫ್ಯಾಕ್ಟ್ ಟೇಬಲಿನ ಒಂದು ಸಾಲು ಏನನ್ನು ಪ್ರತಿನಿಧಿಸುತ್ತದೆ? ‘ಒಬ್ಬ ಸದಸ್ಯ ಪುಸ್ತಕದ ಒಂದು ಪ್ರತಿಯನ್ನು ಒಮ್ಮೆ ಎರವಲು ಪಡೆದದ್ದು’ ಎಂದು ಒಂದೇ ವಾಕ್ಯದಲ್ಲಿ ಬರೆದಿಡಿ. ಈ ವಾಕ್ಯ ಬರೆಯಲಾಗದೆ ಟೇಬಲ್ ಕಟ್ಟಲು ಕೂರಬೇಡಿ. ಮುಂದೆ ಲೆಕ್ಕ ತಪ್ಪುವ ಪ್ರಸಂಗಗಳನ್ನು ಹಿಂಬಾಲಿಸಿ ಹೋದರೆ ಬಹಳಷ್ಟು ಸಲ ಗ್ರೇನ್ ಅಸ್ಪಷ್ಟವಾಗಿದ್ದದ್ದೇ ಮೂಲದಲ್ಲಿ ಸಿಗುತ್ತದೆ. ಗ್ರೇನ್ ಸ್ಪಷ್ಟವಾದರೆ ದಿನಾಂಕ, ಸದಸ್ಯ, ಪುಸ್ತಕ, ಶಾಖೆ ಎಂಬ ಡೈಮೆನ್ಷನ್‌ಗಳು ಬಹುಮಟ್ಟಿಗೆ ತಾವಾಗಿಯೇ ಹೊಮ್ಮುತ್ತವೆ.

ಒಬ್ಬ ಸದಸ್ಯ ವರ್ಷದ ನಡುವೆ ಒಂದು ಬಡಾವಣೆಯಿಂದ ಇನ್ನೊಂದಕ್ಕೆ ಮನೆ ಬದಲಿಸಿದರೆ, ಹಿಂದಿನ ಎರವಲುಗಳು ಯಾವ ಬಡಾವಣೆಯ ಲೆಕ್ಕಕ್ಕೆ ಸೇರಬೇಕು? ಹಳೆಯ ವಿಳಾಸವನ್ನು ಅಳಿಸಿ ಹೊಸದನ್ನು ಬರೆದರೆ, ಇಂಥ ಬದಲಾವಣೆಯನ್ನು ದಾಖಲಿಸುವ ವಿಧಾನಗಳಲ್ಲಿ ಅದು ಟೈಪ್ 1. ಇತಿಹಾಸವೆಲ್ಲ ಹೊಸ ಬಡಾವಣೆಯ ಪಾಲಾಗುತ್ತದೆ. ಹಳೆಯ ಸಾಲನ್ನು ಉಳಿಸಿ, ಅವಧಿಯ ಆರಂಭ ಮತ್ತು ಅಂತ್ಯದ ದಿನಾಂಕಗಳೊಡನೆ ಹೊಸ ಸಾಲನ್ನು ಸೇರಿಸಿದರೆ ಅದು ಟೈಪ್ 2. ಆಗ ಒಬ್ಬನೇ ಸದಸ್ಯನಿಗೆ ಎರಡು ಸಾಲುಗಳಿರುವುದರಿಂದ ಸದಸ್ಯತ್ವ ಸಂಖ್ಯೆಯೊಂದೇ ಸಾಲನ್ನು ಗುರುತಿಸುವ ಕೀ ಆಗಲಾರದು. ಪ್ರತಿ ಸಾಲಿಗೂ ಬೇರೆಯಾದ, ತನ್ನಲ್ಲಿ ಅರ್ಥರಹಿತವಾದ ಸರೊಗೇಟ್ ಕೀ ಬೇಕಾಗುತ್ತದೆ. ಪದಕೋಶದಲ್ಲಿ ಬಾಯಿಪಾಠ ಮಾಡಿದಾಗ ಒಣಗಿದಂತೆ ತೋರುವ ಈ ಪದ, ಅಗತ್ಯ ಕಂಡಮೇಲೆ ಮರೆಯುವುದಿಲ್ಲ.

ಇನ್ನೂ ಒಂದು ತೊಡಕು ನೋಡಿ. ಇಬ್ಬರು ಲೇಖಕರಿರುವ ಪುಸ್ತಕವನ್ನು ಲೇಖಕರ ಟೇಬಲಿಗೆ ನೇರವಾಗಿ ಜಾಯಿನ್ ಮಾಡಿದರೆ ಒಂದು ಎರವಲು ಎರಡಾಗಿ ಎಣಿಕೆಯಾಗುತ್ತದೆ. ಪುಸ್ತಕ ಮತ್ತು ಲೇಖಕರ ಜೋಡಿಗಳನ್ನು ನಡುವೆ ಇಡುವ ಬ್ರಿಡ್ಜ್ ಟೇಬಲ್ ಎಂಬ ಉಪಾಯ ಬಂದದ್ದು ಇಂಥ ಸಂಬಂಧಗಳಿಗಾಗಿ. ಅದಿದ್ದರೂ ಪ್ರತಿ ಲೇಖಕರಿಗೆ ಎಷ್ಟು ಪಾಲು ಎಂಬ ತೂಕವನ್ನು ನೀವೇ ನಿರ್ಧರಿಸಬೇಕು. ಹಾಗೆಯೇ, ತಿಂಗಳ ಕೊನೆಯಲ್ಲಿ ಕಪಾಟಿನಲ್ಲಿರುವ ಪ್ರತಿಗಳ ಸಂಖ್ಯೆಯನ್ನು ಶಾಖೆಗಳಾದ್ಯಂತ ಕೂಡಿಸಬಹುದು, ಆದರೆ ಹನ್ನೆರಡು ತಿಂಗಳುಗಳ ಸಂಖ್ಯೆಗಳನ್ನು ಕೂಡಿಸಿದರೆ ಬರುವ ಮೊತ್ತಕ್ಕೆ ಅರ್ಥವಿಲ್ಲ. ಇಂಥ ಅಳತೆಗಳನ್ನು ಸೆಮಿ ಅಡಿಟಿವ್ ಎನ್ನುತ್ತಾರೆ.

ಉಳಿದ ಪದಗಳ ಬಗ್ಗೆ ಒಂದು ರೂಢಿ ಬೆಳೆಸಿಕೊಳ್ಳಿ: ಪದದ ಎದುರಿಗೆ ಅದನ್ನು ಬಳಸಿದವರ ಹೆಸರನ್ನೂ, ಅವರ ವಿನ್ಯಾಸದಲ್ಲಿ ಅದರ ಹಿಂದೆ ಮುಂದೆ ಏನಿದೆ ಎಂಬುದನ್ನೂ ಬರೆದುಕೊಳ್ಳಿ. ಇಟಿಎಲ್‌ನಲ್ಲಿ (ಎಕ್ಸ್‌ಟ್ರಾಕ್ಟ್, ಟ್ರಾನ್ಸ್‌ಫಾರ್ಮ್, ಲೋಡ್: ಮೂಲದಿಂದ ದತ್ತಾಂಶ ತಂದು ವೇರ್‌ಹೌಸಿಗೆ ತುಂಬುವ ಕೆಲಸ) ಪರಿವರ್ತನೆ ಮೊದಲು, ತುಂಬುವುದು ನಂತರ. ಇಎಲ್‌ಟಿಯಲ್ಲಿ ಈ ಕ್ರಮ ಅದಲುಬದಲು. ಸ್ನೋಫ್ಲೇಕ್ ಎಂದರೆ ಡೈಮೆನ್ಷನ್‌ಗಳನ್ನು ಮತ್ತೆ ನಾರ್ಮಲೈಸ್ ಮಾಡಿದ ಸ್ಕೀಮಾ. ಅದೇ ಹೆಸರಿನ ಕ್ಲೌಡ್ ಉತ್ಪನ್ನದಲ್ಲಿ ಅಂಥ ಸ್ಕೀಮಾವನ್ನೇ ಬಳಸಬೇಕೆಂದೇನೂ ಇಲ್ಲ. ಡೇಟಾ ಲೇಕ್ ಎಂಬ ಮಾತನ್ನು 2010ರಲ್ಲಿ ಜೇಮ್ಸ್ ಡಿಕ್ಸನ್ ಬಳಕೆಗೆ ತಂದರು. ಮೂಲ ರೂಪದ ದತ್ತಾಂಶವನ್ನು ಹಾಗೆಯೇ ಸಂಗ್ರಹಿಸುವುದು ಅದರ ತಿರುಳು.

ಸ್ಟಾರ್ ಸ್ಕೀಮಾ ಕೈಗೆ ಹತ್ತಿದ ಮೇಲೆ ಅದೇ ಗ್ರಂಥಾಲಯಕ್ಕೆ ಎರಡನೆಯ ಮೂಲವೊಂದನ್ನು ಸೇರಿಸಿ: ಉಪನ್ಯಾಸ ಕಾರ್ಯಕ್ರಮಗಳ ನೋಂದಣಿ, ಅದಕ್ಕೆ ಬೇರೆಯದೇ ಸಂಖ್ಯೆಗಳು. ಒಬ್ಬನೇ ವ್ಯಕ್ತಿ ಎರಡು ಕಡೆ ಹೆಸರಿನ ಎರಡು ಬೇರೆ ಕಾಗುಣಿತಗಳೊಡನೆ ಇರುತ್ತಾನೆ. ಸಕ್ರಿಯ ಸದಸ್ಯ ಎಂದರೆ ಯಾರು ಎಂಬುದಕ್ಕೆ ಎರಡು ಕಚೇರಿಗಳು ಎರಡು ಉತ್ತರ ಕೊಡುತ್ತವೆ. ಏಕೀಕರಣ ಎಂಬ ಪದಕ್ಕೆ ಇನ್ಮನ್ ಅಷ್ಟೊಂದು ತೂಕ ಕೊಟ್ಟದ್ದೇಕೆ ಎಂಬುದು ಆಗ ಮನವರಿಕೆಯಾಗುತ್ತದೆ, ಅವರನ್ನು ಓದಲು ತಕ್ಕ ಸಮಯವೂ ಅದೇ. ಡ್ಯಾನ್ ಲಿನ್‌ಸ್ಟೆಟ್ ಅವರ ಡೇಟಾ ವಾಲ್ಟ್ ಎಂಬ ಇನ್ನೊಂದು ವಿನ್ಯಾಸ ಪದ್ಧತಿ ಅಲ್ಲಿಯವರೆಗೆ ಕಾಯಲಿ. ಅದರಲ್ಲಿ ಗುರುತಿನ ಕೀಗಳು ಹಬ್‌ನಲ್ಲಿ, ಸಂಬಂಧಗಳು ಲಿಂಕ್‌ನಲ್ಲಿ, ಬದಲಾಗುವ ವಿವರಗಳು ಸ್ಯಾಟಲೈಟ್‌ನಲ್ಲಿ ಇರುತ್ತವೆ. ಸ್ಯಾಟಲೈಟ್ ಟೇಬಲನ್ನು ತೆರೆದು ನೋಡಿದಾಗ, ಮನೆ ಬದಲಿಸಿದ ಸದಸ್ಯನಿಗಾಗಿ ನೀವು ಬರೆದ ದಿನಾಂಕಸಹಿತ ಸಾಲುಗಳನ್ನೇ ಹೋಲುವ ಸಾಲುಗಳು ಅಲ್ಲಿ ಕಾಣುತ್ತವೆ.